ಹಿಂದಕ್ಕೆ ದಾಟಿದ ಡಾಕ್ಟರಬಾಯಿ

ಪುಟ್ಟೀ, ತಮ್ಮಾ,

ಮೊಮ್ಮಕ್ಕಳಾದ ನಿಮ್ಮ ಮುಂದೆ ಕೂತು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ಮಾತಿಗೆ ನಿಂತರೆ ನನ್ನ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ. ನಾಕು ಮಂದಿ ಇದ್ದರಂತೂ ಅರ್ಧ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ. ಊರ ಸಾಲೆಯಲ್ಲಿ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ, ಅವುಗಳಲ್ಲೇ ಬರೆಯುತ್ತಿದ್ದೇನೆ.

ಮೊನ್ನೆ ಮುಂಜಾನೆ, ಪುಟ್ಟಿ, ನೀನು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಆಯಿ, ನಾ ಈಗ ನಿನಗಿಂತ ಉದ್ದ ಆಗೀನಿ. ಇನ್ನೂ ಯಾಕ ನುಂಗಬೇಕು ಇದನ್ನ?" ಎಂದು ಕೇಳಿದೆ. "ನುಂಗವ್ವ ಸುಮ್ನ" ಎಂದುಬಿಟ್ಟೆ. ಅದು ಉತ್ತರವಾಗಲಿಲ್ಲ ಎಂದು ನನಗೂ ಗೊತ್ತು.

ನೀನು ಹುಟ್ಟಿದಾಗ ತುಂಬಿದ ಕೂಸು. ಹೊತ್ತಿಗೆ ಸರಿಯಾಗಿ ನಡೆದೆ, ಮಾತಾಡಿದೆ. ಆಮೇಲೆ ಯಾವಾಗಲೋ ನಿಂತುಬಿಟ್ಟೆ. ಒಂದು ಪಂಚಮಿಗೆ ಹೊಲಿಸಿದ ಲಂಗ ಮುಂದಿನ ಪಂಚಮಿಗೂ ಸರಿಯಾಯಿತು, ಅದರಾಚೆಯ ಪಂಚಮಿಗೂ ಸರಿಯಾಯಿತು. ತಮ್ಮ ಹುಟ್ಟಿ, ಎದ್ದು ಓಡಾಡಿ, ನಿನ್ನ ಭುಜದವರೆಗೆ ಬಂದ. ನೀನು ಮಾತ್ರ ಎಲ್ಲಿ ಕೂರಿಸಿದರೆ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಬೇಸಿಗೆಯಲ್ಲೂ ನಿನ್ನ ಕೈ ತಣ್ಣಗಿರುತ್ತಿತ್ತು. ಎಷ್ಟು ಎಣ್ಣೆ ತಿಕ್ಕಿದರೂ ಚರ್ಮ ಒಣಗಿಯೇ ಇರುತ್ತಿತ್ತು.

ನಮ್ಮ ಕಡೆ ಇಂಥ ಕೂಸಿಗೆ ಹೇಳುವುದು ಒಂದೇ ಮಾತು: ಯಾರೋ ದಾಟ್ಯಾರ. ಮಲಗಿದ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ ಎನ್ನುತ್ತಾರೆ. ಮರೆತು ದಾಟಿದವರು ಅದೇ ದಾರಿಯಲ್ಲಿ ಹಿಂದಕ್ಕೆ ದಾಟಬೇಕು, ಆಗ ದೋಷ ಹೋಯಿತು. ಆದರೆ ನಿನ್ನನ್ನು ಯಾರು ದಾಟಿದರು ಎಂಬುದೇ ಗೊತ್ತಿರಲಿಲ್ಲ. ಹಬ್ಬಕ್ಕೆ ಬಂದ ಬೀಗರೋ, ಓಣಿಯ ಹುಡುಗರೋ? ಯಾರನ್ನು ಕರೆದು ಹಿಂದಕ್ಕೆ ದಾಟಿಸುವುದು? ನಿಮ್ಮ ಅವ್ವ ಆ ಚಿಂತೆಯಲ್ಲೇ ಬಡವಾದಳು. ಆಸ್ಪತ್ರೆಯ ಮಾತು ಮನೆಯಲ್ಲಿ ಬರಲೇ ಇಲ್ಲ, ಇದು ಆಸ್ಪತ್ರೆಯ ಬ್ಯಾನಿ ಎಂದು ಯಾರಿಗೂ ಅನಿಸಿರಲಿಲ್ಲ. ನಿಮ್ಮ ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಿಂದ ವಾರಕ್ಕೊಮ್ಮೆ ಬಂದು ನಿನ್ನನ್ನು ಎತ್ತಿಕೊಂಡು ಸುಮ್ಮನೆ ಕೂರುತ್ತಿದ್ದ.

ಆ ಚಳಿಗಾಲದಲ್ಲಿ ಅಂಗನವಾಡಿಗೆ ಒಬ್ಬ ಡಾಕ್ಟರಬಾಯಿ ಬಂದರು. ಬರೀ ಗುಳಿಗೆ ಬರೆದುಕೊಡುವವರಲ್ಲ. ಮಕ್ಕಳ ಎಲುಬು ಯಾಕೆ ಬೆಳೆಯುವುದಿಲ್ಲ, ಕಾಲು ಯಾಕೆ ಸೊಟ್ಟಾಗುತ್ತವೆ ಎಂದು ಅಧ್ಯಯನ ಮಾಡುವವರು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಇರಕಲ್ಲಗಡದಿಂದ ನಮ್ಮೂರಿಗೆ ಬಂದಿದ್ದರು. ಮೈಸೂರು ಕಡೆಯ ಮಾತು. ಎತ್ತರ ಅಳೆಯುವ ಉದ್ದನೆಯ ಕೋಲನ್ನು ಗೋಡೆಗೆ ನಿಲ್ಲಿಸಿ, ಪ್ರತಿ ತಾಯಿಯನ್ನೂ, "ಮಗು ಸರಿಯಾಗಿ ಬೆಳೀತಾ ಇದೆಯಾ?" ಎಂದು ಕೇಳುತ್ತಿದ್ದರು.

"ಹೂಂನ್ರಿ, ಛಲೋ ಐತ್ರಿ" ಎಂದರು ಎಲ್ಲರೂ. ನಿಮ್ಮ ಅವ್ವನೂ ಹಾಗೇ ಅಂದಳು. ತನ್ನ ಕೂಸು ಸಣ್ಣದು ಎಂದು ತಾಯಿ ನಾಕು ಮಂದಿಯ ಮುಂದೆ ಹೇಗೆ ಹೇಳಿಯಾಳು?

ನಿನ್ನ ಪಾಳಿ ಬರುವಷ್ಟರಲ್ಲಿ ನೀನು ಪಡಸಾಲೆಯ ಚಾಪೆಯ ಮೇಲೆ ನಿದ್ದೆ ಹೋಗಿದ್ದೆ. ಡಾಕ್ಟರಬಾಯಿ ಏನನ್ನೋ ತರಲು ಜೀಪಿನ ಕಡೆ ಅವಸರದಿಂದ ಹೊರಟವರು, ದಾರಿಯಲ್ಲಿದ್ದ ನಿನ್ನನ್ನು ದಾಟಿಕೊಂಡು ಹೋದರು.

"ಅಯ್ಯಯ್ಯ! ದಾಟಿಬಿಟ್ರಲ್ರೀ ನನ್ನ ಕೂಸನ್ನ!" ಎಂದು ನಿಮ್ಮ ಅವ್ವ ಚೀರಿದಳು.

"ಏನಾಯ್ತು? ಕಾಲು ತಗುಲಿತಾ?"

ಅಲ್ಲಿಗೆ ಬಂದಿದ್ದ ಆಚೆಮನೆಯ ಮುದುಕಿ ಬಿಟ್ಟಾಳೆಯೇ? "ಅಳತಿ ಮಾಡಾಕ ಬಂದು ಇದ್ದ ಅಳತೀನೂ ಕಳದ್ರಿ ನೋಡ್ರಿ, ಬಾಯಾರ!" ಎಂದಳು. ಯಾರೋ ನಕ್ಕರು. ನಿಮ್ಮ ಅವ್ವ ನಗಲಿಲ್ಲ. ನಿನ್ನನ್ನು ಬಾಚಿ ಎತ್ತಿಕೊಂಡು ಮನೆಗೆ ನಡೆದೇಬಿಟ್ಟಳು. ಉಳಿದ ತಾಯಂದಿರೂ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಎದ್ದರು.

ನಿಮ್ಮ ಜೊತೆಗೆ ಬಂದಿದ್ದ ನಾನು ಚಾಪೆ ಸುತ್ತಿಕೊಳ್ಳಲು ಹಿಂದೆ ಉಳಿದಿದ್ದೆ. ಡಾಕ್ಟರಬಾಯಿ ಮೆಟ್ಟಿಲ ಮೇಲೆ ಕೂತು ಕೇಳಿದರು. "ನಾನೇನು ಮಾಡಿದೆ ಅಮ್ಮಾ? ಹೇಳಿ, ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ."

ನಿಮ್ಮ ಅಜ್ಜ ಇರುವ ತನಕ ಹೊರಗಿನವರೊಂದಿಗೆ ಮಾತು ಅವರದೇ ಆಗಿತ್ತು. ಆಮೇಲೂ ನಾನು ಆ ರೂಢಿ ಬಿಟ್ಟಿರಲಿಲ್ಲ. ಆದರೂ ಅಂದು ಚಾಪೆ ನೋಡುತ್ತಲೇ ದಾಟುವ ಸಂಗತಿ ಹೇಳಿದೆ. ಅವರು ನಗಲಿಲ್ಲ. "ಅಷ್ಟು ಗದ್ದಲವಾದರೂ ಮಗು ಕಣ್ಣು ಬಿಡಲಿಲ್ಲ, ಮುಖವೂ ಊದಿಕೊಂಡಿದೆ. ನನಗೆ ಆ ಮಗುವಿನ ರಕ್ತ ನೋಡಲೇಬೇಕು. ನಿಮ್ಮ ಸೊಸೆ ಒಪ್ಪುತ್ತಾರಾ?" ಎಂದರು.

"ಈಗ ಒಪ್ಪಂಗಿಲ್ರಿ," ಎಂದೆ. ಮತ್ತೆ ನನ್ನ ಬಾಯಿಂದ ಬಂದ ಮಾತಿಗೆ ನನಗೇ ಗಾಬರಿಯಾಯಿತು: "ನೀವು ಬಂದು ಹಿಂದಕ್ಕ ದಾಟ್ರಿ. ಆಮ್ಯಾಲ ಕೇಳ್ರಿ."

ಅವರು ಎದ್ದು ನನ್ನ ಹಿಂದೆಯೇ ಬಂದರು. ನೀನು ನಡುಮನೆಯಲ್ಲಿ ಇನ್ನೂ ಮಲಗಿದ್ದೆ. ನಿಮ್ಮ ಅವ್ವ ಬಾಗಿಲಲ್ಲೇ ತಡೆದಳು.

"ಅತ್ತಿ, ಇವರಿಗೆ ಇದರಾಗ ನಂಬಿಕಿ ಐತೇನು?"

ಉತ್ತರ ಡಾಕ್ಟರಬಾಯಿಯೇ ಕೊಟ್ಟರು. "ಇಲ್ಲಮ್ಮ, ಸುಳ್ಳು ಹೇಳಲ್ಲ. ಆದರೆ ದಾಟಿದವಳು ನಾನು. ಹಿಂದಕ್ಕೆ ದಾಟೋದು ನನ್ನ ಕೆಲಸ ತಾನೆ?"

ಚಪ್ಪಲಿ ಹೊರಗೆ ಬಿಟ್ಟರು. ನಿನ್ನ ತಲೆ ಯಾವ ಕಡೆ ಇತ್ತು, ತಾವು ಯಾವ ಕಡೆಯಿಂದ ದಾಟಿದ್ದರು ಎಂದು ನನ್ನನ್ನು ಕೇಳಿ ತಿಳಿದುಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಮೆಲ್ಲಗೆ ಹಿಂದಕ್ಕೆ ದಾಟಿದರು. ನಿಮ್ಮ ಅವ್ವ ಗೋಡೆಗೆ ಒರಗಿ ಕೂತಳು. ಮುಂಜಾನೆಯಿಂದ ಬಚ್ಚಿಟ್ಟದ್ದೆಲ್ಲ ಆಗ ಹೊರಗೆ ಬಂತು.

"ನಿಮಗಿಂತ ಮೊದ್ಲ ಬ್ಯಾರೆ ಯಾರೋ ದಾಟ್ಯಾರ್ರಿ. ಲಂಗ ಹಂಗ ಐತಿ, ಕೈಯಾಗಿನ ಬಳಿ ಹಂಗ ಅದಾವು. ಕೂಸು ಬೆಳದಿಲ್ರಿ ನಂದು!"

ಡಾಕ್ಟರಬಾಯಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಯಾವಾಗಿನಿಂದ, ಹೊಟ್ಟೆ ಸರಿಯಾಗಿ ಹೋಗುತ್ತದೆಯೇ, ದನಿ ದಪ್ಪವಾಗಿದೆಯೇ ಎಂದು ಒಂದೊಂದಾಗಿ ಕೇಳಿದರು. ನಿಮ್ಮ ಅವ್ವ ಒಪ್ಪಿದಳು, ಆ ಹೊತ್ತಿನಲ್ಲೇ ರಕ್ತ ತೆಗೆದರು. ಸೂಜಿ ಚುಚ್ಚಿದಾಗ ನೀನು ಎದ್ದು ಅತ್ತೆ. ಅಷ್ಟು ಜೋರು ಅಳುವನ್ನು ನಾವು ಬಹಳ ದಿನ ಕೇಳಿರಲಿಲ್ಲ.

ಮುಂದಿನ ವಾರ ಕೊಪ್ಪಳಕ್ಕೆ ಕರೆಸಿ ನಿನ್ನ ಎಡಗೈಯ ಎಕ್ಸ್‌ರೇ ತೆಗೆಸಿದರು. ಚಿತ್ರವನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದರು. ಜೋಳದ ದಂಟು ಗಣ್ಣಿನ ಹತ್ತಿರ ಉದ್ದವಾಗುವ ಹಾಗೆ, ಮಕ್ಕಳ ಎಲುಬು ತುದಿಯ ಹತ್ತಿರ ಬೆಳೆಯುತ್ತದಂತೆ. ಅಲ್ಲಿ ಕಿವಿಯ ಹಾಗೆ ಬಾಗುವ ಮೆತ್ತನೆಯ ಎಲುಬು ಇರುತ್ತದೆ, ಅದಕ್ಕೆ ಮೃದ್ವಸ್ಥಿ ಎನ್ನುತ್ತಾರೆ. ಅದು ಕೆಲಸ ಮಾಡಲು ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿ ಒಂದು ರಸ ಕಳಿಸಬೇಕು. ನಿನ್ನ ಗ್ರಂಥಿ ಸೋತದ್ದು ರಕ್ತದ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ನಿನ್ನ ಕೈಯ ಎಲುಬುಗಳು ನಿನಗಿಂತ ಎಷ್ಟೋ ಸಣ್ಣ ಕೂಸಿನ ಎಲುಬುಗಳ ಹಾಗಿದ್ದವು.

"ಇದರಲ್ಲಿ ಒಂದು ಒಳ್ಳೆಯದೂ ಇದೆ," ಎಂದರು. "ಬೆಳೆಯೋ ಜಾಗ ಇನ್ನೂ ಮುಚ್ಚಿಲ್ಲ. ನಾವು ತಡ ಮಾಡಲಿಲ್ಲ ಅಂದರೆ ಇವಳು ಬೆಳೀತಾಳೆ."

ಅಂದಿನಿಂದ ಈ ಗುಳಿಗೆ. ಬರೀ ಹೊಟ್ಟೆಯಲ್ಲಿ, ನೀರಿನ ಜೊತೆ, ಚಹಾಕ್ಕಿಂತ ಮೊದಲು. ಮೊದಲು ಹೋದದ್ದು ನಿನ್ನ ನಿದ್ದೆ. ಹಿತ್ತಲಲ್ಲಿ ಕೋಳಿಗಳ ಹಿಂದೆ ಓಡತೊಡಗಿದೆ. ಮುಂದಿನ ಪಂಚಮಿಗೆ ಲಂಗ ಮೊಣಕಾಲಿಗೆ ಬಂದಿತ್ತು. "ಈಕಿಗೆ ಲಂಗದ ಅರಿವಿ ಸಾಲಂಗಿಲ್ಲ ನೋಡ್ರಿ ಅತ್ತಿ" ಎಂದು ನಿಮ್ಮ ಅವ್ವ ಬೈದುಕೊಂಡು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಡಾಕ್ಟರಬಾಯಿ ಮತ್ತೆ ನಮ್ಮೂರಿಗೆ ಬಂದಾಗ ಕೆಲಸದ ರೀತಿ ಬದಲಿಸಿದ್ದರು. ಚಾಪೆಗಳು ಗೋಡೆಯ ಬದಿಗೆ ಇದ್ದವು, ಯಾರೂ ಯಾರನ್ನೂ ದಾಟುವ ಹಾಗಿರಲಿಲ್ಲ. ಮಗು ಬೆಳೆಯುತ್ತಿದೆಯೇ ಎಂದು ಅವರು ಕೇಳಲೇ ಇಲ್ಲ. "ಇವನನ್ನ ಯಾರಾದರೂ ದಾಟಿದ್ದಾರೆ ಅನ್ನೋ ಸಂಶಯ ಇದೆಯಾ?" ಎಂದು ಕೇಳಿದರು. ತಾಯಂದಿರ ಬಾಯಿ ತೆರೆಯಿತು. ಸಂಶಯ ಇರುವ ತಾಯಿ ಮಗುವನ್ನು ಸರಿಯಾಗಿಯೇ ಗಮನಿಸಿರುತ್ತಾಳೆ, ಎಲ್ಲಿ ಹೇಳಬೇಕು ಎಂಬುದಷ್ಟೇ ಗೊತ್ತಿರುವುದಿಲ್ಲ ಎಂದು ನನಗೆ ಹೇಳಿದರು. ತಳಕಲ್ ಕಡೆಯ ಕಾಲು ಸೊಟ್ಟಾದ ಒಂದು ಕೂಸು ಹೀಗೇ ಅವರ ಕೈಗೆ ಸಿಕ್ಕಿತಂತೆ.

ಹಿಂದಕ್ಕೆ ದಾಟಿದ್ದರಿಂದಲೇ ನೀನು ಬೆಳೆದೆ ಎಂದು ನಿಮ್ಮ ಅವ್ವ ಇವತ್ತಿಗೂ ಅನ್ನುತ್ತಾಳೆ. ನಾನು ವಾದ ಮಾಡುವುದಿಲ್ಲ. ಬೆಳೆಸಿದ್ದು ಗುಳಿಗೆಯೇ. ಆದರೆ ಆ ಹೆಣ್ಣುಮಗಳು ಚಪ್ಪಲಿ ಬಿಟ್ಟು ಒಳಗೆ ಬರದಿದ್ದರೆ ಗುಳಿಗೆ ನಮ್ಮ ಮನೆಗೆ ಬರುತ್ತಿರಲಿಲ್ಲ ಎಂದು ಮಾತ್ರ ಅಂದುಕೊಳ್ಳುತ್ತೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ, ಪುಟ್ಟಿ. ಉದ್ದವಾಗಿದ್ದೀಯ, ಹೌದು. ಆದರೆ ಇದು ಜ್ವರದ ಗುಳಿಗೆಯಲ್ಲ, ಜ್ವರ ಇಳಿದ ಮೇಲೆ ಬಿಡುವುದಕ್ಕೆ. ನಿನ್ನ ಮೈ ತಾನಾಗಿ ಮಾಡಿಕೊಳ್ಳಲಾರದ್ದನ್ನು ದಿನಾ ಅದಕ್ಕೆ ಕೊಡುತ್ತಿದ್ದೇವೆ. ಬಿಟ್ಟರೆ ಆ ನಿದ್ದೆ, ಆ ತಣ್ಣನೆಯ ಕೈ ಮರಳಿ ಬರುತ್ತವೆ. ಆ ಕೈಗಳನ್ನು ನಾನು ನನ್ನ ಕೈಯಲ್ಲಿ ಹಿಡಿದು ಕೂತವಳು. ಇನ್ನೊಮ್ಮೆ ಹಿಡಿಯಲಾರೆ.

ಈ ಹಾಳೆಗಳನ್ನು ಗುಳಿಗೆ ಡಬ್ಬಿಯ ಒಳಗೇ ಮಡಚಿ ಇಡಿ. ಬೇಸರ ಬಂದ ಮುಂಜಾನೆ ತೆಗೆದು ಓದು, ಪುಟ್ಟಿ. ತಮ್ಮಾ, ಅಕ್ಕ ಓದಲಿಲ್ಲವಾದರೆ ನೀನು ಓದಿ ಹೇಳು. ನಿಮ್ಮ ಮನೆಗೆ ಯಾರಾದರೂ ಬೆಳೆಯದ ಕೂಸನ್ನು ಎತ್ತಿಕೊಂಡು ಬಂದು, ಯಾರೋ ದಾಟ್ಯಾರ ಎಂದರೆ, ನಗಬೇಡಿ. ಕೂರಿಸಿ, ಪೂರ್ತಿ ಕೇಳಿ, ಆಮೇಲೆ ಇದನ್ನು ತೋರಿಸಿ. ಅಲ್ಲಿಯ ತನಕ ಜೋಪಾನ, ಮಳೆ ನೀರು ತಾಗದ ಹಾಗೆ ಇಡಿ.