ಲ್ಯಾಟಿನ್ ಹಾಳೆಗೆ ಬಳಿದ ಎಣ್ಣೆ

೧೯೭೮ರಲ್ಲಿ ನಾನು ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಹಸ್ತಪ್ರತಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಕೆಲಸವೆಲ್ಲ ವಚನಗಳ ತಾಳೆಗರಿ ಕಟ್ಟುಗಳದ್ದು. ಗರಿಯ ಮೇಲೆ ಅಕ್ಷರವನ್ನು ಲೋಹದ ಮೊನೆಯಿಂದ ಕೊರೆದಿರುತ್ತಾರೆ. ಅದು ಮಾಸಿದಾಗ ಲೆಮನ್‌ಗ್ರಾಸ್ ಎಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ಬಳಿದು ಬಟ್ಟೆಯಿಂದ ಒರೆಸಬೇಕು. ಕೊರೆದ ಗೆರೆಯೊಳಗೆ ಕಪ್ಪು ಕೂತು ಅಕ್ಷರ ಎದ್ದು ಕಾಣುತ್ತದೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು.

ಆ ಬೇಸಿಗೆಯಲ್ಲಿ ಖಾನಾಪುರದ ಕಡೆಯ ಒಂದು ಚರ್ಚಿನಿಂದ ಟ್ರಂಕು ಬಂತು. ಒಳಗೆ ಲ್ಯಾಟಿನ್ ಹಸ್ತಪ್ರತಿಗಳು. ಚರ್ಚಿನ ಪ್ರಾರ್ಥನೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದು ಎಷ್ಟೋ ವರ್ಷವಾಗಿತ್ತು. ಗೆದ್ದಲು ತಿನ್ನುವ ಬದಲು ನಿಮ್ಮಲ್ಲಿರಲಿ ಎಂದು ಪಾದ್ರಿಗಳು ಕಳಿಸಿದ್ದರು. ಅದರಲ್ಲಿ ಚರ್ಮದ ಹಾಳೆಗಳ ಒಂದು ದಪ್ಪ ಪುಸ್ತಕ. ಹಿಂದೆ ಮುಂದೆ ತಿರುವಿದರೂ ತಲೆಬುಡ ತಿಳಿಯಲಿಲ್ಲ. ಹಿರಿಯ ಗ್ರಂಥಪಾಲಕರನ್ನು ಕೇಳಿದೆ.

"ಲ್ಯಾಟಿನ್ ಓದಾವ್ರು ಇಲ್ಲಿ ಯಾರ್ ಬರ್ತಾರ್ರೀ? ಕೆಡಲಾರದಂಗ ನೋಡ್ಕೊಳ್ರಿ, ಸಾಕು."

ಕೆಡದಂತೆ ನೋಡಿಕೊಳ್ಳಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ಆದರೂ ಎಚ್ಚರಿಕೆಯವಳಲ್ಲವೆ, ಮೊದಲು ಒಂದು ಹಾಳೆಯ ಮೇಲೆ ಪರೀಕ್ಷೆ ಮಾಡೋಣವೆಂದು ಅಕ್ಷರ ಕಡಿಮೆ ಇದ್ದದ್ದನ್ನು ಹುಡುಕಿದೆ. ಒಂದರಲ್ಲಿ ಕೆಂಪು ಗೆರೆಗಳು, ಅವುಗಳ ಮೇಲೆ ಕಪ್ಪು ಚೌಕಗಳು, ಕೆಳಗೆ ನಾಲ್ಕಾರು ಅಕ್ಷರ. ಬರೀ ಅಲಂಕಾರ ಇರಬೇಕು ಅಂದುಕೊಂಡು ಬಳಿದೆ, ಒರೆಸಿದೆ. ಚರ್ಮ ಎಣ್ಣೆ ಕುಡಿಯಿತು, ಕಾಡಿಗೆ ಹಾಳೆಯ ತುಂಬ ಹರಡಿತು. ಅಲ್ಲಿ ಕೊರೆದ ಗೆರೆಯೇ ಇರಲಿಲ್ಲ, ಇದ್ದದ್ದು ಮೇಲೆ ಬರೆದ ಶಾಯಿ. ಗಾಬರಿಯಾಗಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಓದುವವರೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

೧೯೮೧ರಲ್ಲಿ ಇನಾಸ ಎಂಬವರು ಬಂದರು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಐವತ್ತು ದಾಟಿದ ವಯಸ್ಸು.

"ಬಾಯಾರ, ನಮ್ಮ ಚರ್ಚಿನ ಹಾಡಿನ ಪುಸ್ತಕ ನಿಮ್ಮಲ್ಲಿ ಐತಂತಲ್ರಿ. ನಮ್ಮವ್ವ ಹಾಸಿಗಿ ಹಿಡಿದಾಳ. ಅಕಿ ಅಪ್ಪನ್ನ ಮಣ್ಣು ಮಾಡೂಮುಂದ ಹಾಡಿದ್ದನ್ನ ತನಗೂ ಹಾಡ್ರಿ ಅಂತಾಳ. ಬರಕೊಂಡು ಹೋಗ್ತೀನ್ರಿ."

ಪುಸ್ತಕವನ್ನು ಕಪಾಟಿನಿಂದ ತೆಗೆದು ಮುಂದಿಟ್ಟೆ, ಆದರೆ ನನಗೆ ಗೊಂದಲವಾಯಿತು. ಹಾಡು ಎಲ್ಲಿದೆ ಈ ಪುಸ್ತಕದಲ್ಲಿ? ಅವರು ಒಂದು ಪುಟದ ಮೇಲೆ ಬೆರಳಿಟ್ಟು ಮೆಲ್ಲಗೆ ಗುನುಗಿದರು; ಹುಡುಗನಾಗಿದ್ದಾಗ ಚರ್ಚಿನ ಹಾಡುಗಾರರಿಂದ ಕಲಿತಿದ್ದರಂತೆ. ಚೌಕ ಮೇಲಿನ ಗೆರೆಗೆ ಹೋದರೆ ದನಿಯೂ ಏರುತ್ತಿತ್ತು. ಆ ಚೌಕಗಳೇ ರಾಗ, ನಾನು ಎಣ್ಣೆ ಬಳಿದದ್ದು ಅಲಂಕಾರಕ್ಕಲ್ಲ ಎಂದು ಆಗ ತಿಳಿಯಿತು. ಹಾಳೆ ತಿರುವುತ್ತ ಅವರು ಕಪ್ಪಾದ ಹಾಳೆಗೆ ಬಂದು, ಅಂಚಿನಲ್ಲಿ ಉಳಿದಿದ್ದ ಮೊದಲ ಪದ ಓದಿದರು.

"ಇದ ಐತ್ರಿ ಅದು. ಹಿಂಗ್ಯಾಕ ಆತು?"

"ನಾನ ಮಾಡೀನ್ರಿ," ಎಂದೆ. "ತಿಳೀಲಾರದ ಮಾಡೀನಿ."

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. "ಕೂಡಿ ಹಾಡೂವಂಥವ್ರು ಯಾರೂ ಉಳಿದಿಲ್ರಿ. ಗೋವಾದಾಗೂ ಕೇಳಿ ಬಂದೆ, ಈ ರಾಗ ಅಲ್ಲಿಲ್ಲ," ಎಂದರಷ್ಟೇ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಎಣ್ಣೆ ಕುಡಿದ ಚರ್ಮದಲ್ಲಿ ಮೇಲಿನ ಎರಡು ಸಾಲು ಮಸುಕಾಗಿ ಕಂಡವು. ಆದರೆ ಹಿಂಬದಿಯ ಚೌಕಗಳೂ ಅದರಲ್ಲೇ ಬೆರೆತಿದ್ದವು. ಯಾವುದು ಈ ಬದಿಯದು, ಯಾವುದು ಆ ಬದಿಯದು ಎಂದು ತಿಳಿಯದೆ ಮಧ್ಯಾಹ್ನವೆಲ್ಲ ಒದ್ದಾಡಿದೆವು. ನಾನು ಹಾಳೆ ಮಗುಚಿ ನೋಡಿ ಹೇಳುವುದು, ಅವರು ಗುನುಗಿ ನೋಡಿ ಬರೆದುಕೊಳ್ಳುವುದು. ಕೆಳಗಿನ ಎರಡು ಸಾಲು ಸಿಗಲೇ ಇಲ್ಲ.

ಮೂರು ವಾರಕ್ಕೆ ಆ ತಾಯಿ ತೀರಿಕೊಂಡ ಸುದ್ದಿ ಬಂತು. ಮನಸ್ಸು ತಡೆಯದೆ ಖಾನಾಪುರದ ಬಸ್ಸು ಹತ್ತಿದೆ. ಇನಾಸ ಒಬ್ಬರೇ ನಿಂತು ಹಾಡಿದರು. ಎರಡು ಸಾಲು ಮುಗಿದ ಕೂಡಲೇ ನಿಲ್ಲಿಸಿದರು. ಹಾಡು ಅಷ್ಟೇ ಅಂದುಕೊಂಡು ಜನ ಮಣ್ಣು ಹಾಕಲು ಮುಂದೆ ಬಂದರು. ಹಾಡಿದ್ದರಲ್ಲೂ ಹಿಂಬದಿಯದು ಎಷ್ಟು ಸೇರಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಯಾವ ಹಸ್ತಪ್ರತಿ ಬಂದರೂ ಅದರ ಊರಿಗೆ ಹೋಗಿ, ಇದನ್ನು ಬಲ್ಲವರು ಯಾರಿದ್ದಾರೆ ಎಂದು ಕೇಳದೆ ನಾನು ಕೈ ಹಚ್ಚಿದ್ದಿಲ್ಲ. ಓದುವವರಿಲ್ಲ ಎಂದು ಗ್ರಂಥಾಲಯದವರು ತೀರ್ಮಾನಿಸಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇದು.

ಮಣ್ಣಾದ ಆ ದಿನ ಖಾನಾಪುರದಿಂದ ಹೊರಡುವಾಗ ಇನಾಸರ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. "ನೀವು ಪುಸ್ತಕ ಜೋಪಾನ ಮಾಡಿದ್ದಕ್ಕ ನಮ್ಮವ್ವನ ಆಸೆ ಪೂರಾ ಆತ್ರಿ, ಬಾಯಾರ."

ನಾನು ಇನಾಸರ ಮುಖ ನೋಡಿದೆ. ಎಣ್ಣೆ ಬಳಿದ ಮಾತನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.