ಹಜರತಅಲಿಯ ಪುಟ್ಟ ಅಟ್ಟ

ಅಕ್ಕಿಆಲೂರಿನ ಫಿಟ್ಟರ್ ಹಜರತಅಲಿ ನಾಲ್ಕು ವರ್ಷ ಒಂದೇ ಸೇಡನ್ನು ಎದೆಯಲ್ಲಿಟ್ಟು ಸಾಕಿದ. ತಪ್ಪೆಂದು ಯಾವ ಬಾಯಿ ಹೇಳೀತು?

೧೯೫೭ರಲ್ಲಿ ಉಳಿವೆಪ್ಪನ ಅಕ್ಕಿ ಗಿರಣಿಯ ಅಟ್ಟ ಕುಸಿದು, ಕೆಳಗೆ ಅಕ್ಕಿ ಕೇರುತ್ತಿದ್ದ ತಿಪ್ಪವ್ವನ ಕಾಲು ಮುರಿಯಿತು. ಎಣ್ಣೆ ಉಳಿಸಲು ಎಂಜಿನ್ನನ್ನು ನಿಧಾನಕ್ಕೆ ಓಡಿಸೆಂದವನು ಮಾಲೀಕ ಉಳಿವೆಪ್ಪನೇ. ಎಂಜಿನ್ನು ತಿರುಗಿಸುವ ಚಕ್ರಗಳು ಅಟ್ಟದ ತೊಲೆಗಳಿಗೇ ಬಿಗಿದಿದ್ದರಿಂದ ಆಗಿನಿಂದಲೇ ಅಟ್ಟ ನಡುಗುತ್ತಿತ್ತು. ಆಗ ಗಿರಣಿಯಲ್ಲೇ ಕೆಲಸಕ್ಕಿದ್ದ ಹಜರತಅಲಿ ಅದನ್ನು ಹೇಳಿಯೂ ಇದ್ದ. ಆದರೆ ಉಳಿವೆಪ್ಪ ಸಂತೆಯ ನಡುವೆ ನಿಂತು, "ಈ ಮಗಾ ಬೋಲ್ಟ್ ಬಿಗಿ ಮಾಡಿದ್ದಿಲ್ರಿ!" ಎಂದು ಸಾರಿಬಿಟ್ಟ. ಅಂದಿನಿಂದ ಹಜರತಅಲಿಯ ಕೈಗೆ ಊರಲ್ಲಿ ಯಾರೂ ರಿಪೇರಿಗೆ ಒಂದು ಸ್ಟೋವನ್ನೂ ಕೊಡಲಿಲ್ಲ. ತಿಪ್ಪವ್ವ ಕಂಡಲ್ಲಿ ಮುಖ ತಿರುವಿದಳು. ಅದು ಅವನ ಕರುಳು ಕೊರೆಯಿತು.

೧೯೬೧ರಲ್ಲಿ ಉಳಿವೆಪ್ಪ ಹಳೆಯ ಅಳತೆಯಲ್ಲೇ ಹೊಸ ಅಟ್ಟ ಕಟ್ಟಿಸಿ, ಮೇಲೆ ನಲವತ್ತು ಚೀಲ ಭತ್ತ ಮೂರು ದಿನ ಇಡಿಸಿ, ಮಿಸುಕಲಿಲ್ಲವೆಂದು ಮೀಸೆ ತಿರುವಿದ. ಹಜರತಅಲಿ ಸಾಗವಾನಿ ಪಟ್ಟಿಗಳಿಂದ ಮೊಳದುದ್ದದ ಅಟ್ಟ ಮಾಡಿ ಕಲ್ಲು ಹೇರಿದ; ಅದೂ ಮಿಸುಕಲಿಲ್ಲ. ಹಾಗಾದರೆ ಭಾರ ಹೇರಿ ನೋಡುವುದೇ ತಪ್ಪು ದಾರಿ. ಎಂಜಿನ್ನು ಅಟ್ಟವನ್ನು ಒತ್ತುವುದಿಲ್ಲ, ಅಲುಗಿಸುತ್ತದೆ. ಕಲ್ಲು ಇಳಿಸಿ, ಎಂಜಿನ್ನಿನಂತೆ ಅಲುಗಿಸಲೆಂದು ಒಂದು ಬದಿಗೆ ಸೀಸ ಬಡಿದ ಚಕ್ರ ಕೂರಿಸಿ, ಮೇಲೆ ಅಕ್ಕಿ ಚೆಲ್ಲಿ ತಿರುಗಿಸಿದ. ತೀರ ನಿಧಾನಕ್ಕೆ ಅಕ್ಕಿ ಸುಮ್ಮನಿತ್ತು. ವೇಗ ತುಸು ಏರಿದರೆ ಕಾಳು ಚಿಮ್ಮಿ ಬಿದ್ದವು. ಇನ್ನೂ ಜೋರು ಮಾಡಿದರೆ ಮತ್ತೆ ಸುಮ್ಮನಾದವು. ಉಳಿವೆಪ್ಪನ ಎಣ್ಣೆ ಉಳಿಸುವ ವೇಗ ಆ ನಡುವಿನದೇ ಎಂದು ಅವನಿಗೆ ಖಾತ್ರಿಯಾಯಿತು.

ಸಂತೆಯ ದಿನ ಆ ಪುಟ್ಟ ಅಟ್ಟವನ್ನು ಗಿರಣಿಯ ಬಾಗಿಲಿಗೇ ಒಯ್ದು ತೋರಿಸಿದ. ಜನ ನೆರೆಯಿತು.

"ಆಟಿಗಿ ಸಾಮಾನು ತಂದು ನನಗ ಬುದ್ಧಿ ಹೇಳ್ತಿ ಏನಲೇ?" ಎಂದ ಉಳಿವೆಪ್ಪ.

"ಆಟಿಗಿ ಸಾಮಾನಾದ್ರ ನಿಮ್ಮ ಅಟ್ಟದ ಕೆಳಗ ಕುಂದರ್ರಿ. ನಿಮ್ಮ ಎಣ್ಣಿ ಉಳಿಸೋ ವೇಗದಾಗ ಎಂಜಿನ್ ನಾ ಓಡಸ್ತೇನಿ."

ಜನ ಕೇಕೆ ಹಾಕಿದ್ದಕ್ಕೆ ಉಳಿವೆಪ್ಪ ಕುರ್ಚಿ ಹಾಕಿಸಿಕೊಂಡು ಕೂತ. ಎಂಜಿನ್ನು ಶುರುವಾಯಿತು. ತೊಲೆಗಳು ಗುಂಯ್‌ಗುಟ್ಟಿದವು, ಧೂಳು ಉದುರಿತು, ಅಟ್ಟ ಕುಣಿಯಿತು. ಉಳಿವೆಪ್ಪ ಕುರ್ಚಿ ಕೆಡವಿ ಹೊರಗೆ ಓಡಿಬಂದ. ರುಮಾಲು ಒಳಗೇ ಉಳಿಯಿತು.

"ನಿಲ್ಲಸೋ!"

"ಮೊದಲ ಹೇಳ್ರಿ, ಅವತ್ತು ತಪ್ಪು ಯಾರದು?"

ತಿಪ್ಪವ್ವ ಕೋಲೂರಿಕೊಂಡು ಎದುರಿಗೇ ನಿಂತಿದ್ದಳು. "ನಂದ... ನಂದ ತಪ್ಪು," ಎಂದ ಉಳಿವೆಪ್ಪ.

ಹಜರತಅಲಿ ಎಂಜಿನ್ನು ನಿಲ್ಲಿಸಲಿಲ್ಲ, ವೇಗ ಏರಿಸಿದ. ಅಟ್ಟ ತಣ್ಣಗಾಯಿತು. "ಇನ್ನ ಮ್ಯಾಲೆ ದಿನಾ ಇದ ವೇಗರಿ. ಎಣ್ಣಿ ಭಾಳ ಸುಡತೈತಿ," ಎಂದ.

ಉಳಿವೆಪ್ಪ ಮತ್ತೆ ಕೆಲಸಕ್ಕೆ ಕರೆದರೂ ಅವನು ಹೋಗಲಿಲ್ಲ. ಗಿರಣಿಯ ಎದುರಿಗೇ ಅಂಗಡಿ ಹಾಕಿದ. ಮೊದಲ ಸ್ಟೋವ್ ತಂದವಳು ತಿಪ್ಪವ್ವ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೆಲ್ಲ ಎದುರಿನ ಎಂಜಿನ್ನು ಗಟಗಟ ಎಣ್ಣೆ ಕುಡಿಯುವ ಸದ್ದು ಕೇಳುತ್ತಿತ್ತು. ಹಜರತಅಲಿ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.