ಹುನ್ನೂರಿನಲ್ಲಿ ಹುನ್ನೂರ ಎಂಬುವವರಿಲ್ಲ

ಬನಹಟ್ಟಿಯಲ್ಲಿ ಕರೆಂಟು ಹೋದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಓಣಿಯ ಮಗ್ಗಗಳೆಲ್ಲ ಒಂದೇ ಗಳಿಗೆಗೆ ನಿಂತುಬಿಡುತ್ತವೆ, ಅಷ್ಟು ಹೊತ್ತು ಆ ಸದ್ದು ಇತ್ತೆಂಬುದೇ ಆಗ ನೆನಪಾಗುತ್ತದೆ. ಮೊನ್ನೆ ಜಮಖಂಡಿಯಿಂದ ಒಂದು ಮದುವೆಗೆಂದು ಹೋದಾಗ ಹಾಗೇ ಆಯಿತು. ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡವಳು ಹಾಗೇ ಕೂತುಬಿಟ್ಟೆ. ಆ ನಿಶ್ಶಬ್ದದಲ್ಲಿ ಗಂಜಿ ಹಾಕಿದ ನೂಲಿನ ವಾಸನೆ, ಚರ್ಮದ ಚೀಲ ತೊಟ್ಟ ನಮ್ಮ ರೇಡಿಯೋದ ವಾಸನೆ ಎರಡೂ ಒಟ್ಟಿಗೇ ಬಂದಂತಾಯಿತು. ಅದೇ ಓಣಿಯಲ್ಲಿ ನಾನು ಬೆಳೆದ ಮನೆ ಈಗಿಲ್ಲ, ಅಲ್ಲಿ ಮೊಬೈಲು ಅಂಗಡಿಯಾಗಿದೆ. ಮನೆಯಲ್ಲಿದ್ದವರನ್ನು ಮಾತ್ರ ನಾನು ಇನ್ನೂ ಎಲ್ಲಿಗೂ ಕಳಿಸಿಲ್ಲ.

ನಮ್ಮದು ಎರಡು ಮಗ್ಗದ ಮನೆ. ಒಂದನ್ನು ಅಪ್ಪ, ಇನ್ನೊಂದನ್ನು ಕಾಕಾ ನಡೆಸುತ್ತಿದ್ದರು. ಅಪ್ಪನ ಅವ್ವ, ನಮ್ಮ ಆಯಿ, ಬಾಗಿಲ ಬದಿಗೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಜನ್ಮವೆಲ್ಲ ಮಗ್ಗದ ಸದ್ದಿನಲ್ಲೇ ಕಳೆದು ಆಕೆಯ ಕಿವಿ ಮಂದವಾಗಿದ್ದವು. ನಾವು ಆಯಿಯೊಂದಿಗೆ ಮಾತಾಡಿದರೆ ಓಣಿಗೆಲ್ಲ ಕೇಳುತ್ತಿತ್ತು, ಆಯಿಗೊಬ್ಬಳಿಗೆ ಬಿಟ್ಟು. ಆದರೆ ಸಂಜೆ ರೇಡಿಯೋದಲ್ಲಿ ‘ವಾರ್ತೆಗಳು, ಓದುತ್ತಿರುವವರು ಇಂದುಮತಿ ಹುನ್ನೂರ’ ಎಂದು ಶುರುವಾದರೆ ಆಕೆಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಆ ದನಿಯಲ್ಲಿ ಏನಿತ್ತೋ, ದೇವರೇ ಬಲ್ಲ. ಗಟ್ಟಿಯಾಗಿಯೇನೂ ಇರಲಿಲ್ಲ, ಪ್ರತಿ ಮಾತನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಇರುತ್ತಿತ್ತು. ಆ ಹತ್ತು ನಿಮಿಷ ಓಣಿಯವರೆಲ್ಲ ಮಗ್ಗ ನಿಲ್ಲಿಸುತ್ತಿದ್ದರು, ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ. ಬೀಳಗಿ ಕಡೆ ಹೊಲಕ್ಕೆ ಹಿನ್ನೀರು ನುಗ್ಗಿದ್ದಾಗಲಿ, ಮುಧೋಳದ ಕಬ್ಬಿನ ಜಗಳವಾಗಲಿ, ಇಂದುಮತಿಯವರು ಓದಿದ ಮೇಲೆಯೇ ಖರೆ. ಯಾವುದೋ ಊರಲ್ಲಿ ಒಬ್ಬ ಹೆಂಗಸು ಬಾಯಿ ತೆರೆದರೆ ಇಲ್ಲಿ ಇಷ್ಟೊಂದು ಕಬ್ಬಿಣ ಸುಮ್ಮನಾಗುತ್ತದಲ್ಲ ಎಂದು ನಾನು ಬೆರಗಾಗಿ ರೇಡಿಯೋವನ್ನೇ ನೋಡುತ್ತ ಕೂತಿರುತ್ತಿದ್ದೆ.

ಒಂದು ಸಂಜೆ ಆ ಜಾಗದಲ್ಲಿ ಗಂಡು ದನಿ ಬಂತು. ಆಯಿ ರೇಡಿಯೋಕ್ಕೆ ಎರಡೇಟು ಬಡಿದು, “ಸೆಲ್ ಸತ್ತಾವೇನ ನೋಡೋ,” ಎಂದಳು. “ಸೆಲ್ ಛಲೋ ಅದಾವಬೇ, ಓದಾವ್ರು ಬ್ಯಾರೆ ಅದಾರ,” ಎಂದು ಕಾಕಾ ಕೂಗಿದ. ಮರುದಿನವೂ ಅದೇ ಗಂಡು ದನಿ. ಎಂಟು ದಿನವಾಗುವಷ್ಟರಲ್ಲಿ ನಮ್ಮ ಓಣಿ ಇಂದುಮತಿಯವರನ್ನು ಎಲ್ಲೆಲ್ಲಿಗೋ ಕಳಿಸಿಬಿಟ್ಟಿತ್ತು. ದರ್ಜಿ ಅವರನ್ನು ಪುಣೆಗೆ ಮದುವೆ ಮಾಡಿಕೊಟ್ಟ. ಮುಧೋಳದ ಸೀರೆ ವ್ಯಾಪಾರಿ ಬಡ್ತಿ ಕೊಟ್ಟು ದಿಲ್ಲಿಗೆ ಹಾಕಿದ. ತೇರದಾಳದಿಂದ ನೂಲು ತರುತ್ತಿದ್ದ ಜೈನರ ಅಣ್ಣ, ಅವರು ದೀಕ್ಷೆ ತೆಗೆದುಕೊಂಡು ಮೌನ ಹಿಡಿದಿದ್ದಾರೆಂದು ಆಣೆ ಮಾಡಿ ಹೇಳಿದ. ಕಾಕಾ ಮಾತ್ರ, ಹಲ್ಲು ಕೀಳಿಸಿದ್ದಾರೆ, ಬಾವು ಇಳಿದ ಮೇಲೆ ಬರುತ್ತಾರೆ ಎನ್ನುತ್ತಿದ್ದ. ಕೆಟ್ಟ ಮಾತನ್ನು ಯಾರೂ ಬಾಯಿಗೆ ತರಲಿಲ್ಲ.

ಆಯಿಯ ಚಿಂತೆಯೇ ಬೇರೆ ಇತ್ತು. ಆ ಗಂಡು ದನಿ ಆಕೆಗೆ ಬರೀ ಗುಂಯ್ ಎನ್ನುತ್ತಿತ್ತು. ಓದುವವರು ಬದಲಾಗಿಲ್ಲ, ತನ್ನ ಕಿವಿಯೇ ಪೂರ್ತಿ ಮುಚ್ಚಿಹೋಗಿದೆ, ಮನೆಯವರು ಅದನ್ನು ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಆಕೆಗೆ. ಊಟ ಸೇರದಾಯಿತು. “ಆಕಿ ಹೋಗ್ಯಾಳೋ, ನನ್ನ ಕಿವೀನ ಹೋಗ್ಯಾವೋ, ಅದನ್ನಷ್ಟ ಖಾತ್ರಿ ಮಾಡ್ರಿ. ನೀವೆಲ್ಲಾ ಕೂಡಿ ನನಗ ಸುಳ್ಳ ಹೇಳಾಕತ್ತೀರಿ,” ಎಂದು ಒಂದು ದಿನ ಅತ್ತೇಬಿಟ್ಟಳು. ಕಣ್ಣೊರೆಸಿಕೊಂಡು, “ಹೆಸರಿನಾಗ ಊರ ಐತೆಲ್ಲ, ಹೋಗಿ ಕೇಳಿದ್ರ ಆತು,” ಎಂದವಳು ಮರುದಿನ ಬೆಳಿಗ್ಗೆಯೇ ಹೊರಟಳು. ಐದನೆಯ ಇಯತ್ತೆಯಲ್ಲಿದ್ದ ನನ್ನನ್ನು ತನ್ನ ಕಿವಿಯೆಂದು ಜೊತೆಗೆ ಕರೆದುಕೊಂಡಳು.

ಜಮಖಂಡಿಯಲ್ಲಿ ಬಸ್ಸು ಬದಲಿಸಿ ಹುನ್ನೂರಿಗೆ ಹೋದೆವು. ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರನ್ನು ಆಯಿ, “ಹುನ್ನೂರ ಅನ್ನಾವ್ರ ಮನಿ ಯಾವುದರಿ?” ಎಂದು ಕೇಳಿದಳು. ಅವರು ನಕ್ಕೇ ನಕ್ಕರು. “ಯಕ್ಕಾ, ಊರಾಗ ಇದ್ದಾವ್ರಿಗೆ ಊರಿನ ಹೆಸರ ಯಾಕ ಬೇಕ? ಊರ ಬಿಟ್ಟ ಹೋದಾವ್ರಿಗಷ್ಟ ಅದು. ಹುನ್ನೂರಾಗ ಹುನ್ನೂರ ಅನ್ನಾವ್ರು ಒಬ್ಬರೂ ಇಲ್ಲ.” ನಾನು ಅದನ್ನು ಆಯಿಯ ಕಿವಿಯಲ್ಲಿ ಕೂಗಿ ಹೇಳಿದಾಗ ಅಕ್ಕಪಕ್ಕದ ಮನೆಗಳ ಬಾಗಿಲು ತೆರೆದವು. ಹೆಂಗಸರು ನೆರೆದರು. ಅವರೂ ದಿನಾ ವಾರ್ತೆ ಕೇಳುತ್ತಿದ್ದವರೇ, ಅವರದೂ ಅದೇ ಪ್ರಶ್ನೆ. ದನಿ ನಿಂತಿದ್ದು ಖರೆ ಎಂದು ಅವರು ಕೈಯಾಡಿಸಿ ಹೇಳಿದ ಮೇಲೆಯೇ ಆಯಿಗೆ ನಂಬಿಕೆ ಬಂದದ್ದು. ಇಂದುಮತಿ ಯಾವ ಮನೆತನದವರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರಿಗೂ ಆಕೆ ಊರ ಮಗಳು. ಹೊರಡುವಾಗ ಒಬ್ಬಾಕೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, “ಆಕೀ ಉಡಿ ಈ ಹುಡುಗೀಗೆ ತುಂಬ್ತೀವ್ರಿ,” ಎಂದು ಅಕ್ಕಿ, ಕೊಬ್ಬರಿ, ಒಂದು ಕುಬಸದ ಖಣ ಹಾಕಿದಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಹಾಕಿದರು. ಯಾರೂ ಮುಖ ನೋಡಿರದ ಒಬ್ಬ ಮಗಳ ಉಡಿಯನ್ನು ನನ್ನ ಲಂಗದಲ್ಲಿ ಎರಡೂ ಕೈಯಿಂದ ಹಿಡಿದು ನಾನು ಬಸ್ಸಿನಲ್ಲಿ ಅಲುಗಾಡದೆ ಕೂತಿದ್ದೆ. ಅಂಥ ದೊಡ್ಡ ಭಾರವನ್ನು ಆಮೇಲೆ ನನಗೆ ಯಾರೂ ನಂಬಿ ಕೊಟ್ಟಿಲ್ಲ.

ನಡೆದದ್ದನ್ನೆಲ್ಲ ರೇಡಿಯೋ ಕೇಂದ್ರಕ್ಕೆ ಒಂದು ಕಾರ್ಡಿನಲ್ಲಿ ಬರೆದೆ. ಬಹಳ ದಿನದ ಮೇಲೆ ಇಂದುಮತಿಯವರೇ ಉತ್ತರ ಬರೆದರು. ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನು ದನಿ ಬರುವುದಿಲ್ಲ. ಹುನ್ನೂರು ಅವರ ಅಜ್ಜ ಬಿಟ್ಟು ಬಂದ ಊರಂತೆ, ಅವರು ಅದನ್ನು ನೋಡಿಯೇ ಇರಲಿಲ್ಲ. ‘ಅಲ್ಲಿ ನನ್ನನ್ನು ಮಗಳೆನ್ನುವವರಿದ್ದಾರೆಂದು ನಿನ್ನ ಕಾರ್ಡಿನಿಂದ ತಿಳಿಯಿತು ಮಗು’ ಎಂದು ಬರೆದಿದ್ದರು. ಅಷ್ಟರಲ್ಲಿ ಆಯಿಯ ಕಿವಿ ನಿಜವಾಗಿಯೂ ಮುಚ್ಚಿದ್ದವು. ನಾನು ಕಾರ್ಡು ತೋರಿಸಿ, ಗಂಟಲು ಮುಟ್ಟಿ, ಇಲ್ಲವೆಂದು ಕೈಯಾಡಿಸಿದೆ. ಆಯಿ, “ಬರಕೊ,” ಎಂದಳು. “ಯವ್ವಾ ಇಂದುಮತಿ, ನಿನ್ನ ದನಿ ಹೋತು, ನನ್ನ ಕಿವಿ ಹೋದುವು. ಇನ್ನ ನಮ್ಮಿಬ್ಬರಿಗೆ ಯಾವ ಅಡಚಣೀನೂ ಇಲ್ಲ. ಒಮ್ಮೆ ಬಾ, ಸುಮ್ಮನ ಕುಂದ್ರೂಣು.”

ಅವರು ಬಂದರು. ಯುಗಾದಿ ಕಳೆದು ಒಂದು ಮಧ್ಯಾಹ್ನ, ಕೊರಳಿಗೆ ಸೆರಗು ಸುತ್ತಿಕೊಂಡ ತೆಳ್ಳಗಿನ ಹೆಂಗಸೊಬ್ಬರು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ. ಆಯಿ ಅವರ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡವಳು ಸಂಜೆಯವರೆಗೆ ಆ ಕೈ ಬಿಡಲಿಲ್ಲ. ಅವರಿಬ್ಬರ ನಡುವೆ ಏನು ಮಾತಾಯಿತೆಂದು ನಮ್ಮ ಓಣಿ ಮುಂದೆ ವರ್ಷಗಟ್ಟಲೆ ಊಹಿಸಿತು. ಅವರಿಬ್ಬರೂ ಈಗಿಲ್ಲ, ಊಹಿಸಿದವರಲ್ಲೂ ಬಹಳ ಮಂದಿ ಇಲ್ಲ. ಎರಡು ಸಲ ಚಹಾ ಒಯ್ದು ಕೊಟ್ಟ ನನಗೆ ಮಾತ್ರ ಗೊತ್ತು, ಒಂದೂ ಮಾತಾಗಲಿಲ್ಲ. ಬಸ್ಸಿನ ಹೊತ್ತಾಗಿ ಅವರು ಎದ್ದಾಗ ಆಯಿ ಅವರ ಕೆನ್ನೆ ನೇವರಿಸಿ, “ಎಲ್ಲಾ ಕೇಳಿಸ್ತು ಯವ್ವಾ,” ಎಂದಳು.